ಹತ್ತು ಗಂಟೆಯ ಕಾಫಿಗೆಂದು ಮೊದಲೇ ಬೇಯಿಸಿಟ್ಟ ತಿನಿಸು ಕೆಟ್ಟರೆ: ಮಲೆನಾಡಿನ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ನೆಂಟರಿಗೋ ಹೋಂಸ್ಟೇ ಅತಿಥಿಗಳಿಗೋ ಮಹಿಳಾ ಮಂಡಳಿಯ ಸಭೆಗೋ ಬೆಳಗ್ಗೆ ಹತ್ತಕ್ಕೆ ಕಾಫಿ, ಟೀ ಕೊಡಬೇಕೆಂದರೆ ಅದರ ಜತೆಗಿನ ಕೇಕು, ನಾನ್‌ಖಟಾಯ್, ಕೊಬ್ಬರಿ ಬಿಸ್ಕತ್ತು ಹಿಂದಿನ ದಿನವೇ ಆಗಿರಬೇಕು. ಬೆಳಗ್ಗೆ ಕಡುಬೋ ಅಕ್ಕಿರೊಟ್ಟಿಯೋ ಮಾಡುವಷ್ಟರಲ್ಲೇ ಹೊತ್ತು ಏರಿರುತ್ತದೆ, ಓವನ್ ಹಚ್ಚಲು ಪುರುಸೊತ್ತು ಸಿಗುವುದಿಲ್ಲ. ತೊಂದರೆ ಏನೆಂದರೆ, ರಾತ್ರಿ ಚೆನ್ನಾಗಿದ್ದ ತಿನಿಸು ಬೆಳಗಾಗುವುದರೊಳಗೆ ಕೈಕೊಡುತ್ತದೆ. ಬಿಸ್ಕತ್ತು ಮೆತ್ತಗಾಗುತ್ತದೆ, ಕೇಕು ಅಂಟಂಟಾಗುತ್ತದೆ ಇಲ್ಲವೇ ಒಣಗುತ್ತದೆ.

ಹೀಗಾದಾಗ ಎಲ್ಲರೂ ಮೊದಲು ಅನುಮಾನಪಡುವುದು ಅಳತೆಯನ್ನು. ಸಕ್ಕರೆ ಕಡಿಮೆ ಮಾಡುತ್ತಾರೆ, ಬೆಣ್ಣೆ ಹೆಚ್ಚಿಸುತ್ತಾರೆ, ಮೈದಾ ಬ್ರಾಂಡ್ ಬದಲಿಸುತ್ತಾರೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಅಡುಗೆಮನೆಗಳಲ್ಲಿ ನಾನು ಕಂಡಂತೆ, ಹೆಚ್ಚಿನ ದೋಷ ಹುಟ್ಟುವುದು ತಿನಿಸು ಓವನ್ನಿನಿಂದ ಹೊರಬಂದ ಮೇಲೆ, ಅಂದರೆ ಆರಿಸುವಾಗ ಮತ್ತು ಡಬ್ಬಕ್ಕೆ ತುಂಬುವಾಗ. ಎರಡನೆಯ ಅನುಮಾನ ವೋಲ್ಟೇಜಿನ ಮೇಲಿರಲಿ. ಮೂರನೆಯದು ಹಳೆಯ ಬೇಕಿಂಗ್ ಪೌಡರ್. ಅಳತೆಯನ್ನು ಕೊನೆಗೆ ಮುಟ್ಟಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಕೇಕು ಸರಿಹೋದರೂ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ.

ನಮ್ಮ ಊರುಗಳ ವಿಷಯದಲ್ಲಿ ಎರಡು ಮಾತು ನೆನಪಿರಲಿ. ಹಾಸನ, ಚಿಕ್ಕಮಗಳೂರು, ಸಕಲೇಶಪುರ, ಮೂಡಿಗೆರೆ ಇವೆಲ್ಲ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಆಸುಪಾಸಿನಲ್ಲಿವೆ. ಇಲ್ಲಿ ನೀರು 96-97 ಡಿಗ್ರಿಗೇ ಕುದಿಯುತ್ತದೆ, ಕೇಕಿನೊಳಗಿನ ಗಾಳಿ ಕರಾವಳಿಯಲ್ಲಿ ಹಿಗ್ಗುವುದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಇನ್ನೊಂದು, ಒಂದೇ ಜಿಲ್ಲೆಯೊಳಗೇ ಹವೆ ಬೇರೆ ಬೇರೆ. ಬಯಲುಸೀಮೆಯ ಕಡೂರಿನಲ್ಲಿ ವಾರವಿಡೀ ಗರಿಗರಿಯಾಗಿರುವ ಬಿಸ್ಕತ್ತು ಪುನರ್ವಸು ಮಳೆ ಹಿಡಿದ ಕೊಟ್ಟಿಗೆಹಾರದಲ್ಲಿ ಒಂದು ಸಂಜೆಯೂ ತಾಳುವುದಿಲ್ಲ. ಹಾಗಾಗಿ ಬಯಲುಸೀಮೆಯ ಅಕ್ಕ ಹೇಳಿದ ವಿಧಾನ ನಿಮ್ಮಲ್ಲಿ ಕೆಟ್ಟರೆ ತಪ್ಪು ಅವರದೂ ಅಲ್ಲ, ನಿಮ್ಮದೂ ಅಲ್ಲ.

ಓಟಿಜಿ (ಕರೆಂಟಿನ ಚಿಕ್ಕ ಓವನ್) ಮುಟ್ಟಿದರೆ ಜುಮ್ ಎನ್ನುತ್ತದೆ, ಪ್ಲಗ್ ಸುಡುತ್ತದೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತದೆ ಎಂದಾದರೆ ಉಳಿದದ್ದನ್ನು ಓದುವ ಮೊದಲು ಸ್ವಿಚ್ ಆರಿಸಿ, "ಇಲ್ಲಿ ನಿಲ್ಲಿಸಿ" ಎಂಬ ಭಾಗಕ್ಕೆ ಹೋಗಿ.

## ರಾತ್ರಿ ಗರಿಗರಿ, ಬೆಳಗ್ಗೆ ಮೆತ್ತಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದೇ. "ಅಕ್ಕಾ, ರಾತ್ರಿ ಕಟುಂ ಅಂತಿತ್ತು, ಬೆಳಗ್ಗೆ ನೋಡಿದ್ರೆ ರೊಟ್ಟಿ ಥರ ಬಗ್ತದೆ" ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ: ಡಬ್ಬಕ್ಕೆ ತುಂಬುವಾಗ ಬಿಸ್ಕತ್ತಿನ ಅಡಿ ಮುಟ್ಟಿ ನೋಡಿದ್ಯಾ?

ಮೇಲ್ಮೈ ಬೇಗ ಆರುತ್ತದೆ. ಬೇಯಿಸಿದ ತಟ್ಟೆಯ ಮೇಲೇ ಬಿಟ್ಟಿದ್ದರೆ ಅಡಿ ಅರ್ಧ ಗಂಟೆ ಕಳೆದರೂ ಬೆಚ್ಚಗಿರುತ್ತದೆ. ಆ ಬಿಸಿಯಲ್ಲೇ ತುಂಬಿದರೆ ಆವಿ ಮುಚ್ಚಳದ ಒಳಬದಿಯಲ್ಲಿ ಹನಿಗಟ್ಟಿ ಮತ್ತೆ ಬಿಸ್ಕತ್ತಿಗೇ ಇಳಿಯುತ್ತದೆ. ಆದ್ದರಿಂದ ಓವನ್ನಿನಿಂದ ತೆಗೆದ ಐದು ನಿಮಿಷಕ್ಕೆ ಬಿಸ್ಕತ್ತನ್ನು ಜಾಲರಿಗೆ ವರ್ಗಾಯಿಸಿ, ಕೆಳಗಿನಿಂದಲೂ ಗಾಳಿ ಆಡಲಿ. ತುಂಬುವ ಮೊದಲು ಒಂದನ್ನು ಮಗುಚಿ, ಅಡಿಯನ್ನು ಮಣಿಕಟ್ಟಿನ ಒಳಬದಿಗೆ ಮುಟ್ಟಿಸಿ. ಬೆರಳಿಗೆ ತಿಳಿಯದ ಬಿಸುಪು ಅಲ್ಲಿ ತಿಳಿಯುತ್ತದೆ. ಬಿಸುಪು ಇಲ್ಲವೆಂದರೆ ಮಾತ್ರ ಡಬ್ಬಕ್ಕೆ ಹಾಕಿ.

ಹಾಗೆಂದು ರಾತ್ರಿಯಿಡೀ ತೆರೆದಿಡುವುದೂ ಕೆಡುಕೇ. ಮಳೆಗಾಲದ ಗಾಳಿಯಲ್ಲೇ ನೀರಿದೆ, ಗರಿಗರಿ ಬಿಸ್ಕತ್ತು ಅದನ್ನು ಹೀರುತ್ತದೆ. ಜಾಲರಿಯ ಮೇಲೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಆಮೇಲೆ ತಡಮಾಡದೆ ಡಬ್ಬ.

ಬಿಸಿ ಪೂರ್ತಿ ಆರಿಸಿಯೂ ಮೆತ್ತಗಾಯಿತೇ? ಒಂದನ್ನು ಮುರಿದು ನೋಡಿ. ಅಂಚು ಗರಿಗರಿ ಇದ್ದು ನಡು ಮಾತ್ರ ಬಿಳಿಚಿ, ಪಸೆಯಾಗಿದ್ದರೆ ಅದು ಬೆಂದಿಲ್ಲ. ನಡುವಿನ ಪಸೆ ರಾತ್ರಿಯಲ್ಲಿ ಅಂಚಿಗೂ ಹರಡುತ್ತದೆ. ಮುಂದಿನ ಸಲ ಶಾಖ ಹೆಚ್ಚಿಸಬೇಡಿ, 10 ಡಿಗ್ರಿ ಇಳಿಸಿ ನಾಲ್ಕೈದು ನಿಮಿಷ ಹೆಚ್ಚು ಬಿಡಿ. ಹೊರಗಿನಿಂದ ಒಳಗಿನವರೆಗೆ ಒಂದೇ ಸಮನೆ ಮೆತ್ತಗಿದ್ದರೆ ಬೇಯಿಸಿದ್ದು ಸರಿಯಾಗಿಯೇ ಇದೆ, ಗಾಳಿಯ ತೇವ ಹೀರಿದೆ.

ತೇವ ಹೀರಿದ್ದಾದರೆ ಡಬ್ಬವನ್ನು ಪರೀಕ್ಷಿಸಿ. ಮುಚ್ಚಳ ಮತ್ತು ಡಬ್ಬದ ಅಂಚಿನ ನಡುವೆ ಕಾಗದದ ಪಟ್ಟಿಯೊಂದನ್ನು ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಗಾಳಿಯೂ ಸಲೀಸಾಗಿ ಹೋಗುತ್ತದೆ. ಸುತ್ತಲೂ ನಾಲ್ಕು ಕಡೆ ಹೀಗೆ ನೋಡಿ, ಏಕೆಂದರೆ ಸ್ಟೀಲ್ ಡಬ್ಬಗಳು ಒಂದು ಕಡೆ ನೆಗ್ಗಿರುವುದೇ ಹೆಚ್ಚು. ಒಳಗೆ ಜತೆಗೆ ಏನಿತ್ತು ಎಂಬುದನ್ನೂ ಕೇಳಿಕೊಳ್ಳಿ. ಕೇಕಿನಲ್ಲಿ ನೀರಿನಂಶ ಹೆಚ್ಚು, ಬಿಸ್ಕತ್ತಿನಲ್ಲಿ ತೀರ ಕಡಿಮೆ. ಎರಡನ್ನೂ ಒಂದೇ ಡಬ್ಬದಲ್ಲಿಟ್ಟರೆ ಕೇಕು ಒಣಗುತ್ತದೆ, ಬಿಸ್ಕತ್ತು ಮೆತ್ತಗಾಗುತ್ತದೆ. ಒಂದೇ ತಪ್ಪಿಗೆ ಎರಡು ತಿನಿಸು ಹಾಳು. ಬೆಲ್ಲ, ಜೇನುತುಪ್ಪ ಹಾಕಿದ ಬಿಸ್ಕತ್ತನ್ನು ಸಕ್ಕರೆಯದರ ಜತೆಗೂ ಇಡಬೇಡಿ. ಬೆಲ್ಲ ತೇವವನ್ನು ಎಳೆದುಕೊಳ್ಳುವ ಸ್ವಭಾವದ್ದು. ಆಷಾಢದಲ್ಲಿ ಬೆಲ್ಲದ ಬಿಸ್ಕತ್ತು ಎರಡು ದಿನ ಗರಿಗರಿ ಇರಲಿ ಎಂದು ಬಯಸುವುದೇ ಕಷ್ಟ. ಆ ತಿಂಗಳಲ್ಲಿ ಸಕ್ಕರೆಯದನ್ನೇ ಮಾಡಿ.

ಹಳೆಯ ಮನೆಗಳಲ್ಲಿ ಸೌದೆ ಒಲೆಯ ಮೇಲಿನ ಅಟ್ಟ ಒಳ್ಳೆಯ ಒಣಜಾಗ. ಡಬ್ಬ ಅಲ್ಲಿಡುವುದಾದರೆ ಮುಚ್ಚಳ ಬಿಗಿಯಾಗಿರಲೇಬೇಕು, ಇಲ್ಲವಾದರೆ ಬೆಣ್ಣೆ ಬಿಸ್ಕತ್ತು ಹೊಗೆ ಕುಡಿದು ಬೇರೆಯೇ ರುಚಿಗೆ ಬರುತ್ತದೆ.

ಈಗಾಗಲೇ ಮೆತ್ತಗಾಗಿದೆ, ಅತಿಥಿಗಳು ಹತ್ತಕ್ಕೆ ಬರುತ್ತಾರೆ ಎಂದರೆ ಎಸೆಯಬೇಕಿಲ್ಲ. ಒಂಬತ್ತಕ್ಕೆ ಓವನ್ನನ್ನು 140 ಡಿಗ್ರಿಗೆ ಕಾಯಿಸಿ, ಬಿಸ್ಕತ್ತನ್ನು ಒಂದೇ ಪದರದಲ್ಲಿ ಹರಡಿ ಎಂಟು-ಹತ್ತು ನಿಮಿಷ ಇಡಿ. ತೆಗೆದ ಕ್ಷಣದಲ್ಲಿ ಇನ್ನೂ ಮೆತ್ತಗಿರುತ್ತದೆ. ಅದನ್ನು ನೋಡಿ ಮತ್ತೆ ಒಳಗೆ ತಳ್ಳಿ ಕಪ್ಪಾಗಿಸಿಕೊಳ್ಳಬೇಡಿ. ಗರಿಗರಿ ಬರುವುದು ಆರಿದ ಮೇಲೆ, ಜಾಲರಿಯ ಮೇಲೆ ಇಪ್ಪತ್ತು ನಿಮಿಷಕ್ಕೆ.

## ಕೇಕಿನ ನೆತ್ತಿ ಅಂಟಂಟು, ಅಡಿ ಒದ್ದೆ

ಇದೂ ಬಹುತೇಕ ಆರಿಸುವ ವಿಷಯವೇ. ಕೇಕನ್ನು ಟಿನ್ನಿನಲ್ಲೇ ಬಿಟ್ಟು ಮಲಗಿದರೆ ಆವಿಗೆ ಹೋಗಲು ದಾರಿಯಿಲ್ಲದೆ ಅಡಿ, ಪಕ್ಕ ಒದ್ದೆಯಾಗುತ್ತದೆ. ಓವನ್ನಿನಿಂದ ತೆಗೆದ ಮೇಲೆ ಹತ್ತು ನಿಮಿಷ ಟಿನ್ನಿನಲ್ಲಿರಲಿ, ಅಷ್ಟರಲ್ಲಿ ಕೇಕು ಗಟ್ಟಿಯಾಗಿ ಪಕ್ಕ ಬಿಡುತ್ತದೆ. ಆಮೇಲೆ ಜಾಲರಿಯ ಮೇಲೆ ಬೋರಲು ಹಾಕಿ. ಉದ್ದ ಟಿನ್ನಿನ ದಪ್ಪ ಕೇಕಿಗೆ ಒಳಗೆ ಪೂರ್ತಿ ಆರಲು ಎರಡು-ಮೂರು ಗಂಟೆ ಬೇಕು. ಅಂದರೆ ರಾತ್ರಿ ಹತ್ತಕ್ಕೆ ಓವನ್ನಿಗಿಟ್ಟ ಕೇಕನ್ನು ಸುತ್ತಿಡುವಷ್ಟರಲ್ಲಿ ನಡುರಾತ್ರಿ ಕಳೆಯುತ್ತದೆ. ಕೇಕು ಮಧ್ಯಾಹ್ನದ ಕೆಲಸ, ಬಿಸ್ಕತ್ತು ಸಂಜೆಯದು.

ಎರಡನೇ ದಿನಕ್ಕೆ ಬಾಳೆಹಣ್ಣಿನ ಕೇಕಿನ ನೆತ್ತಿ ಸ್ವಲ್ಪ ಅಂಟಿದರೆ ಅದು ದೋಷವಲ್ಲ, ಹಣ್ಣಿನ ಸಕ್ಕರೆ ಮೇಲಕ್ಕೆ ತೇವ ಎಳೆದಿರುತ್ತದೆ. ವಾಸನೆ ಚೆನ್ನಾಗಿದ್ದರೆ ಧೈರ್ಯವಾಗಿ ಬಡಿಸಿ.

ಆದರೆ ಕತ್ತರಿಸಿದಾಗ ಅಡಿಯಲ್ಲಿ ಒಂದು ಬೆರಳು ದಪ್ಪದ, ಗೋಂದಿನಂಥ, ಗಾಳಿಗುಳ್ಳೆಯೇ ಇಲ್ಲದ ಪದರ ಕಂಡರೆ ವಿಷಯ ಬೇರೆ. ಒಂದೋ ಕೇಕು ಬೆಂದಿಲ್ಲ, ಇಲ್ಲವೇ ಹಣ್ಣು ಹೆಚ್ಚಾಗಿದೆ. ಇಲ್ಲಿ ತಕ್ಕಡಿ ಬೇಕು. ಹೊರದೇಶದ ಪಾಕವಿಧಾನದಲ್ಲಿ "ಮೂರು ಬಾಳೆಹಣ್ಣು" ಎಂದರೆ ನಮ್ಮ ಪಚ್ಚಬಾಳೆಯ ಜಾತಿಯ ದೊಡ್ಡ ಹಣ್ಣು, ಸಿಪ್ಪೆ ತೆಗೆದರೆ ಒಂದೊಂದು ನೂರು ಗ್ರಾಂ ಮೀರುತ್ತದೆ. ಏಲಕ್ಕಿ ಬಾಳೆ, ಪುಟ್ಟಬಾಳೆ ಅದರ ಅರ್ಧದಷ್ಟೂ ಬರುವುದು ಕಷ್ಟ. ಕೆಲವರು ಮೂರೇ ಪುಟ್ಟಬಾಳೆ ಹಾಕಿ ಕೇಕು ಒಣಗಿತು ಎನ್ನುತ್ತಾರೆ, ಕೆಲವರು ಕಳಿತ ಗೊನೆ ಮುಗಿಸುವ ಆಸೆಗೆ ಡಜನ್ ಸುರಿದು ಗೋಂದು ಮಾಡಿಕೊಳ್ಳುತ್ತಾರೆ. ಕಿವುಚಿದ ಹಣ್ಣು ಒಂದು ಕಪ್ ಎಂದರೆ ಸುಮಾರು 225-240 ಗ್ರಾಂ. ಎಣಿಕೆ ಬಿಡಿ, ತೂಗಿ ಹಾಕಿ.

## ಕೇಕಿನ ನಡು ಕುಸಿದಿದೆ

ಯಾವಾಗ ಕುಸಿಯಿತು ಎಂಬುದೇ ಕಾರಣವನ್ನು ಹೇಳುತ್ತದೆ. ಓವನ್ನಿನ ಗಾಜಿನ ಮೂಲಕ ನೋಡುತ್ತಿರುವಾಗಲೇ ಉಬ್ಬಿ ಕುಸಿದರೆ ಉಬ್ಬಿಸುವ ಪುಡಿ ಹೆಚ್ಚಾಗಿದೆ ಇಲ್ಲವೇ ಬಾಗಿಲನ್ನು ಬೇಗ ತೆರೆದಿದ್ದೀರಿ. ಹೊರಗೆ ತೆಗೆದ ಹತ್ತು ನಿಮಿಷದಲ್ಲಿ ಕುಸಿದರೆ ನಡು ಬೆಂದಿರಲಿಲ್ಲ.

ಬಾಗಿಲಿನದು ಖರ್ಚಿಲ್ಲದ ಪರಿಹಾರ, ಮುಕ್ಕಾಲು ಭಾಗ ಸಮಯ ಕಳೆಯುವವರೆಗೆ ತೆರೆಯಬೇಡಿ. ಬೆಂದಿದೆಯೇ ಎಂದು ನೋಡುವ ಕಡ್ಡಿಯನ್ನು ಸರಿಯಾಗಿ ಓದಿ. ಬಿರುಕಿನ ಮೂಲಕ ಚುಚ್ಚಬೇಡಿ, ಅಲ್ಲಿ ಬೇಗ ಒಣಗಿರುತ್ತದೆ, ಕಡ್ಡಿ ಸುಳ್ಳು ಹೇಳುತ್ತದೆ. ಅದರ ಪಕ್ಕದಲ್ಲಿ, ನಟ್ಟನಡುವೆ, ತಳದವರೆಗೂ ಇಳಿಸಿ. ಹಸಿ ಹಿಟ್ಟು ಲೇಪದಂತೆ ಹೊಳೆಯುತ್ತ ಅಂಟಿದ್ದರೆ ಇನ್ನೂ ಬೇಯಬೇಕು. ಒಂದೆರಡು ಮಂದವಾದ, ಉಂಡೆಯಾಗುವ ಪುಡಿ ಅಂಟಿದ್ದರೆ ಅದೇ ಹದ, ಮರುದಿನಕ್ಕೆ ಇಡುವ ಕೇಕನ್ನು ಆ ಹಂತದಲ್ಲೇ ತೆಗೆಯಬೇಕು. ಕಡ್ಡಿ ಬಟಾಬಯಲಾಗಿ ಬರುವವರೆಗೂ ಕಾದರೆ ಅಂಚು ಒಣಗಿರುತ್ತದೆ. ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುವುದೂ ಇದೆ, ಗುಳಿ ಮೇಲೆದ್ದರೆ ಆಯಿತು.

ಮುಂದಿನದು ಪುಡಿಯ ಪರೀಕ್ಷೆ. ಕಾಲು ಲೋಟ ಬಿಸಿನೀರಿಗೆ ಅರ್ಧ ಟೀ ಚಮಚ ಬೇಕಿಂಗ್ ಪೌಡರ್ ಹಾಕಿ. ಭರ್ರನೆ ನೊರೆಯುಕ್ಕಬೇಕು. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಅದು ಸತ್ತಿದೆ. ಅಡುಗೆ ಸೋಡಾಕ್ಕೆ ನಿಂಬೆರಸದ ನಾಲ್ಕು ಹನಿ ಸಾಕು. ನಮ್ಮ ಕಡೆ ತೆರೆದ ಬೇಕಿಂಗ್ ಪೌಡರ್ ಡಬ್ಬಿ ಮಳೆಗಾಲದಲ್ಲಿ ಗಂಟುಗಟ್ಟುತ್ತದೆ, ಗಂಟು ಕಂಡರೆ ಪರೀಕ್ಷೆ ಮಾಡದೆ ಬಳಸಬೇಡಿ. ಡಬ್ಬಿಯ ಮೇಲಿನ ತಾರೀಕನ್ನು ನಂಬಿ ಕೂರಬೇಡಿ, ಅದು ತೆರೆಯದ ಡಬ್ಬಿಯ ಮಾತು.

ಪುಡಿ ಹೊಸದು, ಕಡ್ಡಿಯೂ ಸರಿ, ಆದರೂ ನಡು ಕುಸಿದು ಒಳಗೆ ದೊಡ್ಡ ದೊಡ್ಡ ತೂತುಗಳಿವೆ ಎಂದರೆ ಈಗ ಎತ್ತರದ ವಿಷಯಕ್ಕೆ ಬರಬೇಕು. ಸಾವಿರ ಮೀಟರಿನಲ್ಲಿ ಬುಡದಿಂದಲೇ ಬೇರೆ ಲೆಕ್ಕವೇನೂ ಬೇಕಿಲ್ಲ, ಸಣ್ಣ ತಿದ್ದುಪಡಿ ಸಾಕು. ಒಂದು ಟೀ ಚಮಚ ಬೇಕಿಂಗ್ ಪೌಡರಿಗೆ ಎಂಟನೇ ಒಂದು ಭಾಗ ಕಡಿಮೆ ಮಾಡಿ. ಕಪ್ ಮೈದಾಕ್ಕೆ ಒಂದು ದೊಡ್ಡ ಚಮಚ ಹಾಲು ಹೆಚ್ಚಿಸಿ. ಸಕ್ಕರೆ ತುಂಬ ಇರುವ ಕೇಕಾದರೆ ಕಪ್ಪಿಗೆ ಒಂದು ದೊಡ್ಡ ಚಮಚದವರೆಗೆ ಇಳಿಸಬಹುದು. ಕಪ್ ಮೈದಾಕ್ಕೆ ಒಂದರಿಂದ ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರಿಗಿಂತ ಹೆಚ್ಚು ಹೇಳುವ ಪಾಕವಿಧಾನವನ್ನು ಮೊದಲೇ ಅನುಮಾನದಿಂದ ನೋಡಿ.

ಕುಸಿದ ಕೇಕು ಒಳಗೆ ಬೆಂದಿದ್ದರೆ ಚೌಕವಾಗಿ ಕತ್ತರಿಸಿ ಅಂಚಿನ ಭಾಗ ಬಡಿಸಿ. ನಡು ಹಸಿಯಾಗಿದ್ದರೆ, ಅದರಲ್ಲೂ ಮೊಟ್ಟೆ ಹಾಕಿದ್ದರೆ, ಅತಿಥಿಗೆ ಕೊಡಬೇಡಿ. ಹಸಿ ಹಿಟ್ಟನ್ನು ಬೆರಳಿನಲ್ಲಿ ನೆಕ್ಕುವ ಅಭ್ಯಾಸವನ್ನು ಮಕ್ಕಳಿಗೂ ಬಿಡಿಸಿ. ಹಸಿ ಮೊಟ್ಟೆ ಮಾತ್ರವಲ್ಲ, ಹಸಿ ಮೈದಾದಿಂದಲೂ ಹೊಟ್ಟೆ ಕೆಡುತ್ತದೆ.

## ಮೇಲೆ ಕರಕಲು, ಒಳಗೆ ಹಸಿ. ಅಥವಾ ಎಷ್ಟು ಹೊತ್ತಾದರೂ ಬಣ್ಣವೇ ಬಾರದು

ಎರಡೂ ಓವನ್ನಿನ ಶಾಖದ ದೋಷ. ಮೊದಲನೆಯದಕ್ಕೆ ಟಿನ್ ಎಲ್ಲಿತ್ತು ನೋಡಿ. ಚಿಕ್ಕ ಓಟಿಜಿಯಲ್ಲಿ ಉದ್ದ ಟಿನ್ನಿನ ಕೇಕು ಉಬ್ಬಿದರೆ ಮೇಲಿನ ರಾಡಿಗೆ ಎರಡು ಇಂಚೂ ಅಂತರ ಉಳಿಯುವುದಿಲ್ಲ. ತಟ್ಟೆಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಅರ್ಧ ಸಮಯದ ಮೇಲೆ ನೆತ್ತಿಗೆ ಫಾಯಿಲ್ ಸಡಿಲವಾಗಿ ಹೊದಿಸಿ. ಫಾಯಿಲ್ ರಾಡಿಗೆ ತಾಗಬಾರದು. ಕಪ್ಪು ಟಿನ್ ಹೊಳೆಯುವ ಟಿನ್ನಿಗಿಂತ ಬೇಗ ಸುಡುತ್ತದೆ, ಅದಕ್ಕೆ 10-15 ಡಿಗ್ರಿ ಕಡಿಮೆ ಇಡಿ.

ಆಮೇಲೂ ಸರಿಯಾಗದಿದ್ದರೆ ಗುಂಡಿಯ ಮೇಲಿನ ಅಂಕಿ ನಿಜವೇ ಎಂದು ತಿಳಿಯಬೇಕು. ಓವನ್ನಿನೊಳಗಿಡುವ ಉಷ್ಣಮಾಪಕ ಇದ್ದರೆ ಸರಿ. ಇಲ್ಲದಿದ್ದರೆ ಸಕ್ಕರೆ ಡಬ್ಬದತ್ತ ಹೋಗಿ. ಹರಳು ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲ್ಲಿನ ಪುಟ್ಟ ದೊನ್ನೆಯಲ್ಲಿ ಒಂದು ಚಮಚ ಸಕ್ಕರೆ ಹಾಕಿ, 175ಕ್ಕೆ ಚೆನ್ನಾಗಿ ಕಾಯಿಸಿದ ಓವನ್ನಿನಲ್ಲಿ ಹದಿನೈದು ನಿಮಿಷ ಇಡಿ. ಕರಗಬಾರದು. ಕರಗಿದರೆ ನಿಮ್ಮ ಓವನ್ ಹೇಳುವುದಕ್ಕಿಂತ ಬಿಸಿ. ಇನ್ನೊಂದು ಚಮಚ ಹೊಸ ಸಕ್ಕರೆಯನ್ನು 190ಕ್ಕೆ ಅಷ್ಟೇ ಹೊತ್ತು ಇಡಿ. ಈ ಸಲ ಕರಗಬೇಕು. ಹರಳು ಹಾಗೇ ಕೂತಿದ್ದರೆ ಓವನ್ ತಣ್ಣಗಿದೆ. ಕರಗಿದ ಸಕ್ಕರೆ ಚರ್ಮಕ್ಕೆ ಅಂಟಿ ಆಳವಾಗಿ ಸುಡುತ್ತದೆ. ತೆಗೆಯುವಾಗ ದಪ್ಪ ಕೈಗವಸು ಹಾಕಿ, ಮಕ್ಕಳನ್ನು ದೂರವಿಡಿ.

ಓವನ್ ತಣ್ಣಗಿದ್ದರೆ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ ವೋಲ್ಟೇಜ್ ನೋಡಿ. ತೋಟದ ಮನೆಗಳಲ್ಲಿ ಲೈನಿನ ಕೊನೆಯಲ್ಲಿರುವವರಿಗೆ ಇದು ತಪ್ಪದ ಗೋಳು. ರಾಡಿನ ಶಾಖ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರಿಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ ಶಾಖ ನೂರಕ್ಕೆ 61ಕ್ಕೆ ಇಳಿಯುತ್ತದೆ. 1500 ವ್ಯಾಟಿನ ಓವನ್ ಆ ಹೊತ್ತಿಗೆ 920 ವ್ಯಾಟಿನದಾಗುತ್ತದೆ. ಕೇಕಿಗೆ ಬಣ್ಣ ಬರುವುದಿಲ್ಲ, ಉಬ್ಬಿದ್ದು ಗಟ್ಟಿಯಾಗುವ ಮೊದಲೇ ಕೂರುತ್ತದೆ. ಫ್ರಿಜ್ಜಿನ ಸ್ಟೆಬಿಲೈಸರ್ ಒಳಬರುವ ವೋಲ್ಟೇಜ್ ತೋರಿಸುವಂಥದ್ದಾದರೆ ಅದನ್ನೇ ನೋಡಬಹುದು. ಓವನ್ನನ್ನು ಮಾತ್ರ ಆ ಸ್ಟೆಬಿಲೈಸರಿಗೆ ಸಿಕ್ಕಿಸಬೇಡಿ, ಅಷ್ಟು ಹೊರೆ ಅದಕ್ಕಾಗುವುದಿಲ್ಲ. ಸಂಜೆ ಆರರಿಂದ ಒಂಬತ್ತು ಬಿಟ್ಟು ಮಧ್ಯಾಹ್ನ ಬೇಯಿಸಿ, ಪಂಪ್‌ಸೆಟ್ಟು, ಗೀಸರ್ ಓಡುವ ಹೊತ್ತನ್ನೂ ತಪ್ಪಿಸಿ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಕೇಕು ಸರಿಹೋಗಿದ್ದನ್ನು ನೋಡಿದ್ದೇನೆ.

ಕಾಯಿಸುವ ವಿಷಯದಲ್ಲೂ ಒಂದು ಮಾತು. ಓಟಿಜಿಯ ದೀಪ ಮೊದಲ ಸಲ ಆರಿದಾಗ ಗಾಳಿ ಕಾದಿರುತ್ತದೆ, ಗೋಡೆ ಕಾದಿರುವುದಿಲ್ಲ. ಎರಡನೇ ಸಲ ಆರುವವರೆಗೆ ಕಾಯಿರಿ. ಡಿಸೆಂಬರಿನ ಚಳಿಯಲ್ಲಂತೂ ಈ ಕೆಲವು ನಿಮಿಷ ಬಿಡಬಾರದು.

## ಇಲ್ಲಿ ನಿಲ್ಲಿಸಿ, ಎಲೆಕ್ಟ್ರೀಷಿಯನ್ ಕರೆಸಿ

ಓವನ್ನಿನ ಮೈ ಮುಟ್ಟಿದಾಗ ಸಣ್ಣಗೆ ಜುಮ್ ಎಂದರೂ ಅದು ಸಣ್ಣ ವಿಷಯವಲ್ಲ. ಅರ್ಥಿಂಗ್ ಇಲ್ಲ ಅಥವಾ ಒಳಗೆ ವೈರು ಮೈಗೆ ತಾಗಿದೆ. ಮಳೆಗಾಲದ ತೇವದ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ಇದು ಪ್ರಾಣಕ್ಕೇ ಕುತ್ತು. ಓವನ್ನನ್ನು ಮತ್ತೆ ಮುಟ್ಟದೆ ಗೋಡೆಯ ಸ್ವಿಚ್ ಆರಿಸಿ, ಅದೂ ಒದ್ದೆಯಿದ್ದರೆ ಮೇನ್ ಇಳಿಸಿ. ಆಮೇಲೆ ಪ್ಲಗ್ ಕೀಳಿ. ಎಂಸಿಬಿ (ಹೊರೆ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಪದೇ ಪದೇ ಬೀಳುವುದು, ಪ್ಲಗ್ಗಿನ ಪಿನ್ನು ಕಪ್ಪಾಗಿರುವುದು, ಎರಡರಲ್ಲಿ ಒಂದು ರಾಡ್ ಕೆಂಪೇರದಿರುವುದು, ದೀಪ ಎಂದೂ ಆರದೆ ಶಾಖ ಏರುತ್ತಲೇ ಹೋಗುವುದು ಇವೆಲ್ಲ ನೀವು ಬಿಚ್ಚಿ ನೋಡುವ ದೋಷಗಳಲ್ಲ. ಬಿದ್ದ ಎಂಸಿಬಿಯನ್ನು ಒತ್ತಿ ಹಿಡಿದು ಕೇಕು ಮುಗಿಸಲು ಹೋಗಬೇಡಿ.

1500 ವ್ಯಾಟಿನ ಓವನ್ 6.5 ಆಂಪಿಯರ್ ಎಳೆಯುತ್ತದೆ, 2000ದ್ದು ಸುಮಾರು 8.7. ಮಿಕ್ಸಿ ಹಾಕುವ ಚಿಕ್ಕ ಸಾಕೆಟ್ಟಿಗೂ ಎಕ್ಸ್‌ಟೆನ್ಷನ್ ಬೋರ್ಡಿಗೂ ಇದು ಮೀರಿದ ಹೊರೆ. 16 ಆಂಪಿಯರಿನ ಪವರ್ ಪ್ಲಗ್ ಇರುವಲ್ಲಿಯೇ ಓವನ್ ಇಡಿ. ಮನೆಯ ಸಾಮಾನ್ಯ ಇನ್ವರ್ಟರಿಗೆ ಇದನ್ನು ಹಚ್ಚಲೇಬೇಡಿ.

## ನಾನ್‌ಖಟಾಯ್ ಹರಡಿ ಒಂದಕ್ಕೊಂದು ಅಂಟಿದೆ

ತುಪ್ಪ ಕರಗಿತ್ತೇ? ಶೇಕಡಾ ತೊಂಬತ್ತು ಸಲ ಉತ್ತರ ಹೌದು ಎಂದೇ ಇರುತ್ತದೆ. ತುಪ್ಪ ಮರಳು ಮರಳಾಗಿ ಗಟ್ಟಿಯಾಗಿರಬೇಕು, ಬೆರಳು ಒತ್ತಿದರೆ ಗುಳಿ ಬೀಳಬೇಕು. ಏಪ್ರಿಲ್‌ನಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಉಂಡೆ ಕಟ್ಟಿದ ಮೇಲೂ ತಟ್ಟೆ ಸಮೇತ ಇಪ್ಪತ್ತು ನಿಮಿಷ ತಂಪಾಗಲಿ. ಬೆಚ್ಚಗಿರುವ ತಟ್ಟೆಯ ಮೇಲೆ ಎರಡನೇ ಸರದಿ ಜೋಡಿಸುವುದು ಇನ್ನೊಂದು ಕಾರಣ. ಒಂದು ಉಂಡೆಯನ್ನು ಮಾತ್ರ ಮೊದಲು ಬೇಯಿಸಿ ನೋಡಿ, ಹರಡಿದರೆ ಉಳಿದ ಹಿಟ್ಟಿಗೆ ಒಂದೆರಡು ಚಮಚ ಮೈದಾ ಸೇರಿಸಬಹುದು. ತಟ್ಟೆ ತುಂಬ ಇಟ್ಟ ಮೇಲೆ ಮಾಡುವುದೇನೂ ಉಳಿಯುವುದಿಲ್ಲ.

ಇದಕ್ಕೆ ವಿರುದ್ಧವಾಗಿ, ಹರಡದೆ ಮುಟ್ಟಿದರೆ ಪುಡಿಯಾಗುತ್ತದೆ ಎಂದರೆ ತುಪ್ಪ ಸಾಲದು. ಹಿಟ್ಟು ಮುಷ್ಟಿಯಲ್ಲಿ ಒತ್ತಿದಾಗ ನಿಲ್ಲಬೇಕು, ಒಡೆಯಬಾರದು. ಒಂದೊಂದೇ ಚಮಚ ತುಪ್ಪ ಸೇರಿಸಿ. ಬಿಸಿಯಿರುವಾಗ ಎಲ್ಲ ನಾನ್‌ಖಟಾಯಿಯೂ ಮುಟ್ಟಿದರೆ ಒಡೆಯುತ್ತದೆ, ಅದನ್ನು ದೋಷವೆಂದು ಎಣಿಸಬೇಡಿ.

## ಮಾರನೇ ದಿನಕ್ಕೆ ಕೇಕು ಒಣಕಲು

ಫ್ರಿಜ್ಜಿನಲ್ಲಿಟ್ಟಿದ್ದಿರಾ? ಕ್ರೀಮ್ ಇಲ್ಲದ ಸಾದಾ ಕೇಕಿಗೆ ಫ್ರಿಜ್ ಒಳ್ಳೆಯದಲ್ಲ. ಬೆಂದ ಮೈದಾದ ಗಂಜಿ ಆ ತಂಪಿನಲ್ಲೇ ಎಲ್ಲಕ್ಕಿಂತ ಬೇಗ ಗಟ್ಟಿಯಾಗುತ್ತದೆ, ನೀರು ಆರದಿದ್ದರೂ ಬಾಯಿಗೆ ಒಣಗಿದಂತೆಯೇ ತೋರುತ್ತದೆ. ಒಂದು ತುಂಡನ್ನು ಸ್ವಲ್ಪ ಬೆಚ್ಚಗೆ ಮಾಡಿ ನೋಡಿ. ಮತ್ತೆ ಮೃದುವಾದರೆ ಫ್ರಿಜ್ಜಿನದೇ ಕೆಲಸ. ಬೆಚ್ಚಗಾದರೂ ಒಣಗೇ ಇದ್ದರೆ ಹೆಚ್ಚು ಬೆಂದಿದೆ ಅಥವಾ ಮೈದಾ ಹೆಚ್ಚಾಗಿದೆ. ಕಪ್ಪನ್ನು ಹಿಟ್ಟಿನ ಡಬ್ಬದಲ್ಲಿ ಮುಳುಗಿಸಿ ಒತ್ತಿ ತೆಗೆದರೆ 120 ಗ್ರಾಂ ಬರಬೇಕಾದ ಜಾಗದಲ್ಲಿ ಸಲೀಸಾಗಿ 150 ಮೀರುತ್ತದೆ.

ಮರುದಿನಕ್ಕಾದರೆ ಪೂರ್ತಿ ಆರಿದ ಕೇಕನ್ನು ಕತ್ತರಿಸದೆ ಬಿಗಿಯಾಗಿ ಸುತ್ತಿ ಹೊರಗೇ ಇಡಿ. ಮೂರು ದಿನ ಮೀರುವುದಾದರೆ, ಮಳೆಗಾಲದಲ್ಲಿ ಎರಡೇ ದಿನ, ಫ್ರೀಜರಿಗೆ ಹಾಕಿ. ಕರಗಿಸುವಾಗ ಸುತ್ತಿದ್ದನ್ನು ಬಿಚ್ಚಬೇಡಿ, ಹನಿ ಹೊದಿಕೆಯ ಮೇಲೆ ಕೂರಲಿ, ಕೇಕಿನ ಮೇಲಲ್ಲ. ಗಟ್ಟಿ ಡಿಕಾಕ್ಷನ್ನಿಗೆ ಸಕ್ಕರೆ ಬೆರೆಸಿ ಒಣಗಿದ ಕೇಕಿನ ಮೇಲೆ ಕುಂಚದಲ್ಲಿ ಸವರುವುದು ನಮ್ಮೂರಿಗೆ ಒಪ್ಪುವ ಪರಿಹಾರ, ಒಣಗಿದ್ದು ಗೊತ್ತೇ ಆಗುವುದಿಲ್ಲ.

## ನೋಡಲು ಚೆನ್ನಾಗಿದೆ, ರುಚಿ ಸರಿಯಿಲ್ಲ

ಸೋಪಿನ ಒಗರು, ಬಾಳೆ ಕೇಕಿಗೆ ಎಂದಿಗಿಂತ ಗಾಢವಾದ ಕೆಂಗಂದು ಬಣ್ಣ: ಸೋಡಾ ಹೆಚ್ಚಾಗಿದೆ. ಕಪ್ ಮೈದಾಕ್ಕೆ ಕಾಲು ಟೀ ಚಮಚ ಸಾಕು, ಮೊಸರು, ಬೆಲ್ಲ, ಹಣ್ಣಿನಂಥ ಹುಳಿಯ ಅಂಶ ಇದ್ದರೆ ಮಾತ್ರ. ಒಂದು ತುತ್ತು ಸರಿ, ಇನ್ನೊಂದು ಕಹಿ ಎಂದರೆ ಸೋಡಾ ಗಂಟಾಗಿ ಉಳಿದಿದೆ, ಮೈದಾದ ಜತೆ ಎರಡು ಸಲ ಜರಡಿ ಹಿಡಿಯಿರಿ.

ಕಮಟು ವಾಸನೆ ಬಂದರೆ ಕೊಬ್ಬರಿಯನ್ನೋ ಗೋಡಂಬಿಯನ್ನೋ ಬೆಣ್ಣೆಯನ್ನೋ ಒಂದೊಂದಾಗಿ ಮೂಸಿ, ಚೂರು ಬಾಯಿಗೆ ಹಾಕಿ ನೋಡಿ. ಅರಸೀಕೆರೆಯ ಒಳ್ಳೆಯ ಕೊಬ್ಬರಿಯೂ ಒಂದು ಮಳೆಗಾಲ ಕಳೆದರೆ ಕಮಟುತ್ತದೆ. ಬೇಯಿಸಿದರೆ ಅದು ಹೋಗುವುದಿಲ್ಲ, ಏಲಕ್ಕಿ ಹಾಕಿ ಮುಚ್ಚಲೂ ಆಗುವುದಿಲ್ಲ. ಗೋಡಂಬಿ, ಬಾದಾಮಿ, ಕಡಲೇಕಾಯಿ ಹಾಕಿದ ತಿನಿಸನ್ನು ಬಡಿಸುವ ಮುನ್ನ ಬಂದವರಿಗೆ ಬಾಯಿಬಿಟ್ಟು ಹೇಳಿ. ಅವು ಒಗ್ಗದವರಿಗೆ ಒಂದು ಚೂರೂ ಅಪಾಯ.

## ಬೂಸ್ಲು, ಹುಳಿ ನಾತ, ನೂಲು

ಒಂದು ಮೂಲೆಯಲ್ಲಿ ಬಿಳಿ ಅಥವಾ ಹಸಿರು ಚುಕ್ಕೆ ಕಂಡರೆ ಆ ಮೂಲೆ ಕತ್ತರಿಸಿ ಉಳಿದದ್ದನ್ನು ಬಡಿಸುವುದು ಬೇಡ. ಕೇಕಿನಂಥ ತೂತುತೂತಾದ ಪದಾರ್ಥದಲ್ಲಿ ಬೂಸ್ಲಿನ ಬೇರು ಕಣ್ಣಿಗೆ ಕಾಣದಷ್ಟು ಒಳಗೆ ಹೋಗಿರುತ್ತದೆ. ಇಡಿಯಾಗಿ ಎಸೆಯಿರಿ, ಮೂಸಿ ನೋಡಲೂ ಹೋಗಬೇಡಿ. ಸಿಹಿ ಬನ್ನು ಮುರಿದಾಗ ನೂಲಿನಂಥ ಎಳೆ ಬಂದು, ಕೊಳೆತ ಹಣ್ಣಿನ ವಾಸನೆ ಬಂದರೂ ಅಷ್ಟೇ. ಡಬ್ಬವನ್ನು ಬಿಸಿನೀರು, ಸೋಪಿನಲ್ಲಿ ತೊಳೆದು ಬಿಸಿಲಿಗೋ ಒಲೆಯ ಪಕ್ಕವೋ ಪೂರ್ತಿ ಒಣಗಿಸಿ.

ಕ್ರೀಮ್, ಕಸ್ಟರ್ಡ್ ಇರುವ ತಿನಿಸು ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಅದನ್ನೂ ಬಿಡಿ. ಚಿಕ್ಕಮಗಳೂರಿನ ಬೆಳಗು ನಮಗೆ ತಂಪೆನಿಸಿದರೂ ಹಾಲಿನ ಪದಾರ್ಥಕ್ಕೆ ಆ ತಂಪು ಸಾಲದು. ಕಾಫಿಯ ಹೊತ್ತಿಗೆ ಮೊದಲೇ ಮಾಡಿಡುವವರು ಕ್ರೀಮಿನ ಗೋಜಿಗೆ ಹೋಗದಿರುವುದೇ ಮೇಲು ಎಂದು ನನ್ನ ಅಭಿಪ್ರಾಯ. ತಿಂದವರಿಗೆ ವಾಂತಿ-ಭೇದಿ ನಿಲ್ಲದಿದ್ದರೆ, ಜ್ವರ ಬಂದರೆ, ಮಕ್ಕಳಿಗೋ ವಯಸ್ಸಾದವರಿಗೋ ನಿಶ್ಶಕ್ತಿ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ವೈದ್ಯರ ಬಳಿ ಹೋಗಿ.

## ಬೇಯುವಾಗಲೇ ಕರೆಂಟ್ ಹೋಯಿತು

ಬಾಗಿಲು ತೆರೆಯಬೇಡಿ. ಗೋಡೆಯ ಸ್ವಿಚ್ ಆರಿಸಿ, ಕರೆಂಟ್ ಮರಳುವಾಗಿನ ಏರಿಳಿತ ಓವನ್ನಿಗೆ ತಾಗದಿರಲಿ. ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಳ್ಳಿ, ಏಕೆಂದರೆ ತಿರುಗಿಸುವ ಗುಂಡಿಯ ಟೈಮರ್ ಕರೆಂಟ್ ಇಲ್ಲದಿದ್ದರೂ ಓಡುತ್ತಲೇ ಇರುತ್ತದೆ. ಅದು ಟಣ್ ಎಂದರೆ ಬೆಂದಿದೆ ಎಂದರ್ಥವಲ್ಲ.

ಐದು-ಹತ್ತು ನಿಮಿಷದಲ್ಲಿ ಬಂದರೆ ಹೋದ ಸಮಯಕ್ಕೆ ಇನ್ನೂ ಐದು ನಿಮಿಷ ಸೇರಿಸಿ ಮುಂದುವರಿಸಿ. ಮುಕ್ಕಾಲು ಪಾಲು ಬೆಂದ ಕೇಕು ಮುಚ್ಚಿದ ಓವನ್ನಿನ ಉಳಿದ ಶಾಖದಲ್ಲೂ ಸಾಕಷ್ಟು ಬೇಯುತ್ತದೆ. ಕಡ್ಡಿಯಲ್ಲಿ ನೋಡಿ, ಬೇಕಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಸಣ್ಣ ಉರಿಯ ಗ್ಯಾಸಿನ ಮೇಲೆ ಮುಗಿಸಿ. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದಿರಬೇಕು, ಇಲ್ಲದಿದ್ದರೆ ಒಳಗೆ ಒತ್ತಡ ಕಟ್ಟುತ್ತದೆ. ತೆಳ್ಳಗಿನ ಅಲ್ಯುಮಿನಿಯಂ ಕುಕ್ಕರನ್ನು ನೀರಿಲ್ಲದೆ ಬಹಳ ಹೊತ್ತು ಕಾಯಿಸಿದರೆ ತಳ ಕೆಡುತ್ತದೆ, ಆ ಕೆಲಸಕ್ಕೆ ಹಳೆಯದೊಂದನ್ನು ಬೇರೆ ಇಟ್ಟುಕೊಳ್ಳಿ. ಅರ್ಧ ಬೆಂದ ಬಿಸ್ಕತ್ತಿಗೆ ದಪ್ಪ ಕಾವಲಿ, ಮೇಲೊಂದು ಮುಚ್ಚಳ, ತೀರ ಸಣ್ಣ ಉರಿ ಸಾಕು.

ಜನರೇಟರ್ ಹಚ್ಚುವವರು ಅದನ್ನು ಮನೆಯ ಹೊರಗೆ, ಕಿಟಕಿ ಬಾಗಿಲಿನಿಂದ ದೂರ ಇಡಿ. ಮಳೆಯೆಂದು ಜಗಲಿಗೋ ಉಗ್ರಾಣಕ್ಕೋ ತಂದರೆ ಅದರ ಹೊಗೆಯಲ್ಲಿರುವ ವಾಸನೆಯಿಲ್ಲದ ವಿಷಾನಿಲ ಮಲಗಿದವರನ್ನು ಏಳಗೊಡುವುದಿಲ್ಲ. ಮುಚ್ಚಿದ ಕೋಣೆಯಲ್ಲಿಟ್ಟ ಇದ್ದಿಲು ಒಲೆಗೂ ಇದೇ ಎಚ್ಚರಿಕೆ.

ಇನ್ನೂ ಓವನ್ನಿಗೆ ಹೋಗದ ನಾನ್‌ಖಟಾಯ್ ಉಂಡೆ ಫ್ರಿಜ್ಜಿನಲ್ಲಿ ಬೆಳಗಿನವರೆಗೂ ನಿಶ್ಚಿಂತೆಯಾಗಿರುತ್ತದೆ. ಸೋಡಾ ಬೆರೆತ ಕೇಕಿನ ಮಿಶ್ರಣ ಕಾಯುವುದಿಲ್ಲ, ಅದರೊಳಗಿನ ಗಾಳಿ ಬೌಲಿನಲ್ಲೇ ಹೊರಟುಹೋಗುತ್ತದೆ. ಕರೆಂಟ್ ನಂಬಲಾಗದ ದಿನ ಒಣ ಪದಾರ್ಥ ಒಂದು ಕಡೆ, ಹಾಲು, ಹಣ್ಣು, ಮೊಟ್ಟೆ ಇನ್ನೊಂದು ಕಡೆ ಸಿದ್ಧವಿಟ್ಟು, ಓವನ್ ಪೂರ್ತಿ ಕಾದ ಮೇಲೆ ಬೆರೆಸಿ.